ತೂಕ ಇಳಿಕೆಗೆ ಹೆಲ್ತ್ ಕೋಚಿಂಗ್: ಕೊಳ್ಳೇಗಾಲ ಸೀಮೆಯ ಪಾಠಗಳು

ಹೆಲ್ತ್ ಕೋಚಿಂಗ್ ಎಂಬುದು ತೂಕ ಇಳಿಸಬೇಕಾದವರನ್ನು ಒಬ್ಬರೇ ಮಾರ್ಗದರ್ಶಕರು ತಿಂಗಳುಗಟ್ಟಲೆ ವಿಚಾರಿಸಿಕೊಳ್ಳುವ ಪದ್ಧತಿ. ಊಟ, ನಡಿಗೆ, ನಿದ್ದೆಯಲ್ಲಿ ಸಣ್ಣ ಗುರಿ ಇಡುವುದು, ಮುಂದಿನ ಭೇಟಿಯಲ್ಲಿ ಲೆಕ್ಕ ನೋಡುವುದು, ಆಗದಿದ್ದರೆ ಗುರಿಯನ್ನೇ ಬದಲಿಸುವುದು ಇದರ ಕ್ರಮ. ಭಾರತೀಯರಲ್ಲಿ ಬಿಎಂಐ 23 ಮುಟ್ಟಿದರೆ ಅಧಿಕ ತೂಕ, 25 ಮುಟ್ಟಿದರೆ ಬೊಜ್ಜು ಎಂದು ಎಣಿಕೆ.

ಇದರ ಉಪಯೋಗಕ್ಕೆ ಗಟ್ಟಿ ಆಧಾರ 2002ರಲ್ಲಿ ಪ್ರಕಟವಾದ ಅಮೆರಿಕದ ಮಧುಮೇಹ ತಡೆ ಅಧ್ಯಯನ. ಶೇ 7ರಷ್ಟು ತೂಕ ಇಳಿಕೆ, ವಾರಕ್ಕೆ 150 ನಿಮಿಷ ನಡಿಗೆಯ ಗುರಿ ಹೊತ್ತು ಕೋಚ್‌ಗಳ ಜೊತೆಗಿದ್ದವರಲ್ಲಿ ಮಧುಮೇಹ ಶೇ 58ರಷ್ಟು ಕಡಿಮೆ ಕಂಡಿತು. ಚೆನ್ನೈನ ಡಾ. ಎ. ರಾಮಚಂದ್ರನ್ ತಂಡದ 2006ರ ಅಧ್ಯಯನದಲ್ಲಿ ಈ ಇಳಿಕೆ ಶೇ 28.5. ಅಲ್ಲಿ ತೂಕ ಹೆಚ್ಚೇನೂ ಇಳಿದಿರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ತಕ್ಕಡಿಯನ್ನೇ ನಂಬಿದ ಕಾರ್ಯಕ್ರಮಕ್ಕೆ ಇಂಥ ಫಲ ಕಾಣುವುದೇ ಇಲ್ಲ.

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಕೋಚಿಂಗ್‌ಗೆ ಹತ್ತಿರವಾದದ್ದು ಆಯುಷ್ಮಾನ್ ಆರೋಗ್ಯ ಮಂದಿರಗಳ ಕೆಲಸ: 30 ದಾಟಿದವರಿಗೆ ಬಿ.ಪಿ., ಶುಗರ್ ತಪಾಸಣೆ, ಸಮುದಾಯ ಆರೋಗ್ಯಾಧಿಕಾರಿಯ ಸಲಹೆ, ಆಶಾ ಕಾರ್ಯಕರ್ತೆಯ ಮನೆಭೇಟಿ. ಬೆನ್ನುಬಿಡದೆ ವಿಚಾರಿಸುವುದು ಯಳಂದೂರಿಗೆ ಹೊಸದೇನಲ್ಲ. ಡಾ. ಎಚ್. ಸುದರ್ಶನ್ 1986ರಲ್ಲಿ ಕಟ್ಟಿದ ಕರುಣಾ ಟ್ರಸ್ಟ್ ಇಲ್ಲಿ ಕುಷ್ಠರೋಗದ ವಿರುದ್ಧ ದುಡಿದದ್ದು. ತಿಂಗಳುಗಟ್ಟಲೆ ಮಾತ್ರೆ ಬಿಡದಂತೆ ನೋಡಿಕೊಳ್ಳದೆ ಆ ರೋಗ ವಾಸಿಯಾಗುವಂಥದ್ದಲ್ಲ. ಬೊಜ್ಜಿಗೂ ಬೇಕಾದದ್ದು ಅದೇ ತಾಳ್ಮೆ.

ಅನುಭವದಲ್ಲಿ ಮೊದಲು ಸೋಲುವುದು ಓಟ್ಸ್, ಸಲಾಡ್ ಬರೆದ ಡಯಟ್ ಚಾರ್ಟು. ಎರಡು ಮುದ್ದೆ ಉಣ್ಣುವವರು ಒಂದಕ್ಕೆ ಇಳಿದು, ಉಪ್ಸಾರಿನ ಸೊಪ್ಪು-ಕಾಳನ್ನು ತಟ್ಟೆಗೆ ಹೆಚ್ಚು ಬಡಿಸಿಕೊಂಡರೆ ಅದು ಉಳಿಯುವ ಬದಲಾವಣೆ. ಅದಕ್ಕೆ ಮಾತಾಡಬೇಕಾದದ್ದು ಉಣ್ಣುವವರ ಜೊತೆಗಲ್ಲ, ಅಡುಗೆ ಮಾಡುವವರ ಜೊತೆ. ಟೀಯ ಸಕ್ಕರೆ ಮಾತ್ರ ಎಲ್ಲರೂ ಮರೆಮಾಚುವ ಲೆಕ್ಕ. ಎರಡನೇ ಭೇಟಿಗೂ ಅದು ಬಾಯಿಗೆ ಬರುವುದಿಲ್ಲ. ಗಂಡಸರಿಗೆ ಟೇಪಿಗಿಂತ ಉಡಿದಾರವೇ ಬೇಗ ಸುದ್ದಿ ಹೇಳುತ್ತದೆ, ಆದರೂ ದಾಖಲೆಗೆ ಟೇಪೇ ಬೇಕು: ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು.

ನಡಿಗೆಯ ಸಲಹೆ ಊರಿಂದ ಊರಿಗೆ ಬೇರೆ. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗಿಬರುವವರೇ ಉಳಿದ ದಿನ ಬೈಕ್ ಇಳಿಯುವುದಿಲ್ಲ. ಹನೂರಿನ ಕಾಡಂಚಿನ ಊರುಗಳಲ್ಲಿ ಬೆಳಗಿನ ಜಾವ ನಡೆಯಿರಿ ಎನ್ನುವುದು ಆನೆಗೆ ಎದುರಾಗಿ ಎಂದಂತೆ. ಅಲ್ಲಿ ಹೊತ್ತೇರಿದ ಮೇಲಿನ ಹೊತ್ತೇ ಸರಿ.

ಕೋಚಿಂಗ್‌ಗೆ ಮಿತಿಗಳಿವೆ. ಥೈರಾಯ್ಡ್ ತೊಂದರೆಯಿಂದಲೋ ಸ್ಟಿರಾಯ್ಡ್ ಮಾತ್ರೆಯಿಂದಲೋ ಏರಿದ ತೂಕಕ್ಕೆ ವೈದ್ಯರೇ ಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡಿದರೆ ಶುಗರ್ ಅಪಾಯಕರವಾಗಿ ಕುಸಿಯಬಹುದಾದ್ದರಿಂದ ಮೊದಲು ಡೋಸ್ ಸರಿಪಡಿಸಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರ ಪೋಡುಗಳಲ್ಲಿ (ಹಾಡಿಗಳಲ್ಲಿ) ರಕ್ತಹೀನತೆ, ಸಿಕಲ್ ಸೆಲ್ ತಪಾಸಣೆ ಮೊದಲಾಗಬೇಕು. ತೂಕ ಇಳಿಸುವ ಮಾತು ಅಗತ್ಯವಿದ್ದವರಿಗಷ್ಟೇ.