ಹಗ್ಗದ ಇನ್ನೊಂದು ತುದಿ

ಮನೆಗೆ ಮೊದಲ ಬಾರಿ ನಾಯಿಮರಿ ಬಂದಿದೆ ಎಂದುಕೊಳ್ಳಿ. ಹೆಸರಿಟ್ಟಾಯಿತು, ಮಲಗುವ ಮೂಲೆ ಗೊತ್ತುಮಾಡಿಯಾಯಿತು, ಮನೆಮಂದಿಯ ಚಪ್ಪಲಿಗಳಿಗೆಲ್ಲ ಅದರ ಹಲ್ಲಿನ ಗುರುತು ಬಿದ್ದಾಯಿತು. ಪಶುವೈದ್ಯರು ಚುಚ್ಚುಮದ್ದು ಮುಗಿಸಿ, ಇನ್ನು ಹೊರಗೆ ಕರೆದುಕೊಂಡು ಹೋಗಬಹುದು ಎಂದಿದ್ದಾರೆ. ನೀವು ಅಂಗಡಿಯಿಂದ ಒಂದು ಕೊರಳಪಟ್ಟಿ, ಒಂದು ಹಗ್ಗ ತಂದಿದ್ದೀರಿ. ಅದನ್ನು ಮರಿಗೆ ತೊಡಿಸುವ ಹೊತ್ತಿಗೆ ಕೈ ಸ್ವಲ್ಪ ಹಿಂಜರಿಯುತ್ತದೆ. ಇಷ್ಟು ಸಾಧು ಪ್ರಾಣಿಗೆ ಹಗ್ಗ ಬೇಕೆ? ಅದರ ಪಾಡಿಗೆ ಬಿಟ್ಟು ಜೊತೆಯಲ್ಲಿ ನಡೆಸಿಕೊಂಡು ಹೋದರೆ ಆಗದೆ?

ಹೊಸದಾಗಿ ನಾಯಿ ಸಾಕುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚಾಗಿ ಇದೇ. ಪ್ರೀತಿಯಿಂದ ಹುಟ್ಟಿದ ಪ್ರಶ್ನೆ ಅದು. ಆದ್ದರಿಂದ ಉತ್ತರವನ್ನು ಮೊದಲೇ ಹೇಳಿ, ಕಾರಣಗಳನ್ನು ಆಮೇಲೆ ನಿಧಾನವಾಗಿ ಬಿಡಿಸುತ್ತೇನೆ. ರಸ್ತೆ, ಪಾರ್ಕು, ಅಪಾರ್ಟ್‌ಮೆಂಟಿನ ಲಿಫ್ಟು, ಸಂತೆಬೀದಿ, ಹೀಗೆ ಬೇರೆಯವರೂ ಓಡಾಡುವ ಯಾವ ಜಾಗವೇ ಆಗಲಿ, ಅಲ್ಲಿ ನಾಯಿಗೆ ಹಗ್ಗ ಇರಲೇಬೇಕು.

ನಮ್ಮ ಹಿಂಜರಿಕೆಗೆ ಒಂದು ಹಿನ್ನೆಲೆ ಇದೆ. ಹಳ್ಳಿಗಳಲ್ಲಿ, ಮಲೆನಾಡಿನ ತೋಟದ ಮನೆಗಳಲ್ಲಿ ನಾಯಿಯನ್ನು ಹಗಲು ಕಟ್ಟಿಹಾಕಿ ರಾತ್ರಿ ಬಿಡುವುದು ವಾಡಿಕೆ. ಆ ಸರಪಳಿಯ ಒಂದು ತುದಿ ನಾಯಿಯ ಕೊರಳಲ್ಲಿ, ಇನ್ನೊಂದು ತುದಿ ಕಂಬದಲ್ಲಿ. ಹಗ್ಗ ಎಂದಕೂಡಲೇ ನಮ್ಮ ಕಣ್ಣಿಗೆ ಬರುವುದು ಆ ಕಂಬ. ನಾನು ಹೇಳುತ್ತಿರುವ ಹಗ್ಗ ಬೇರೆ. ಅಂಗಡಿಯವರು ಲೀಶ್ ಎಂದೂ, ಮನೆಗಳಲ್ಲಿ ಚೈನ್ ಅಥವಾ ಬೆಲ್ಟ್ ಎಂದೂ ಕರೆಯುವ ಇದು ಸುಮಾರು ಆರು ಅಡಿ ಉದ್ದದ್ದು. ಒಂದು ತುದಿಯಲ್ಲಿ ಕೊರಳಪಟ್ಟಿಗೆ ಸಿಕ್ಕಿಸುವ ಕೊಂಡಿ, ಇನ್ನೊಂದು ತುದಿಯಲ್ಲಿ ಕೈ ತೂರಿಸುವಷ್ಟು ಕುಣಿಕೆ. ಆ ಇನ್ನೊಂದು ತುದಿಯನ್ನು ನೆನಪಿಡಿ. ಅದು ಇರುವುದು ನಿಮ್ಮ ಕೈಯಲ್ಲಿ. ಕಂಬ ನಡೆಯುವುದಿಲ್ಲ, ನೀವು ನಡೆಯುತ್ತೀರಿ. ನೀವು ನಡೆದಷ್ಟು ದೂರವೂ ನಾಯಿಗೆ ಲೋಕ ತೆರೆಯುತ್ತದೆ.

ಈ ವ್ಯತ್ಯಾಸ ನಮ್ಮ ಕಾನೂನಿಗೂ ಗೊತ್ತು. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಸೆಕ್ಷನ್ ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಪ್ರಾಣಿಯನ್ನು ಅತಿಯಾಗಿ ಹೊತ್ತು ಕಟ್ಟಿಡುವುದನ್ನು ಕ್ರೌರ್ಯ ಎನ್ನುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಸದಾ ಕಟ್ಟಿಹಾಕಿರುವ ಅಥವಾ ಕೂಡಿಹಾಕಿರುವ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದೆ ಇರುವುದೂ ಅದೇ ಸೆಕ್ಷನ್‌ನಲ್ಲಿ ಅಪರಾಧ. ಅಂದರೆ ನಾಯಿಯನ್ನು ತಿರುಗಾಡಿಸುವುದು ಯಜಮಾನನ ಕರ್ತವ್ಯವೆಂದು ಅರುವತ್ತು ವರ್ಷಗಳಿಗೂ ಹಿಂದೆಯೇ ಬರೆದಿಟ್ಟಿದ್ದಾರೆ. ಮನೆಯ ಮುಂದೆ ಎರಡಡಿ ಸರಪಳಿಯಲ್ಲಿ ದಿನವಿಡೀ ಕಟ್ಟಿಹಾಕಿ, ‘ನಾವು ನಾಯಿಯನ್ನು ಹಗ್ಗದಲ್ಲೇ ಇಟ್ಟಿದ್ದೇವೆ’ ಎನ್ನುವವರು ಈ ಲೇಖನವನ್ನು ತಮ್ಮ ಪರವಾಗಿ ಓದಿಕೊಳ್ಳಬಾರದು.

ಇನ್ನು ನಾಯಿಯ ಸ್ವಭಾವಕ್ಕೆ ಬರೋಣ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ, ಕಬ್ಬನ್ ಪಾರ್ಕಿನ ಅಂಚಿನಲ್ಲೇ, ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಮಂಡ್ಯ ಸೀಮೆಯ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 949–50ರ ಸುಮಾರಿನ ಒಂದು ವೀರಗಲ್ಲು ಅಲ್ಲಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣ, ಗಂಗರ ಬೂತುಗರ ಕಾಲದ್ದು. ಮಣಲೇರ ಎಂಬ ವೀರ ಮೆಚ್ಚುಗೆಯ ಕೊಡುಗೆಯಾಗಿ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಆ ಕಾಳಿಯನ್ನು ದೊಡ್ಡ ಕಾಡುಹಂದಿಯೊಂದರ ಮೇಲೆ ಬಿಟ್ಟರು. ಎರಡೂ ಹೋರಾಡಿ ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ಕಲ್ಲಿನ ಮೇಲೆ ಹಂದಿಯೂ ನಾಯಿಯೂ ಇವತ್ತಿಗೂ ಒಂದನ್ನೊಂದು ಬಿಡದೆ ಕಾದಾಡುತ್ತಿವೆ. ಸಾಧ್ಯವಾದರೆ ಒಮ್ಮೆ ಹೋಗಿ ನೋಡಿ.

ಈ ಕಥೆಯನ್ನು ಇಲ್ಲಿ ತಂದದ್ದಕ್ಕೆ ಕಾರಣವಿದೆ. ನಾಯಿಯನ್ನು ಬೇಟೆಯ ಮೇಲೆ ಬಿಡುವುದಕ್ಕೆ ಕನ್ನಡದಲ್ಲಿ ‘ಛೂ ಬಿಡುವುದು’ ಎನ್ನುತ್ತೇವೆ. ಬಿಟ್ಟ ಮೇಲೆ ಅದು ಅಟ್ಟಿಸಿಕೊಂಡು ಹೋಗುತ್ತದೆ ಎಂಬುದು ಆ ಮಾತಿನಲ್ಲೇ ಇದೆ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನೇ ನೋಡಿ. ಅದು ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ತಳಿ. ದೂರದಲ್ಲಿ ಮೊಲವೋ ಬೆಕ್ಕೋ ಓಡಿದ್ದು ಕಂಡರೆ ಅದರ ಮೈಯೆಲ್ಲ ಒಂದೇ ಗೆರೆಯಾಗುತ್ತದೆ. ಆ ಕ್ಷಣದಲ್ಲಿ ನಿಮ್ಮ ಕೂಗು ಅದರ ಕಿವಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ. ಅವಿಧೇಯತೆ ಅಲ್ಲ ಅದು. ನೂರಾರು ವರ್ಷ ಮನುಷ್ಯರೇ ಆರಿಸಿ ಆರಿಸಿ ಬೆಳೆಸಿದ ಗುಣ. ಲ್ಯಾಬ್ರಡಾರ್ ಆಗಲಿ, ಬೀದಿಯಿಂದ ಎತ್ತಿ ತಂದ ಮರಿಯಾಗಲಿ, ಓಡುವುದನ್ನು ಅಟ್ಟುವ ಆಸೆ ಹೆಚ್ಚುಕಡಿಮೆ ಪ್ರಮಾಣದಲ್ಲಿ ಎಲ್ಲ ನಾಯಿಗಳಲ್ಲೂ ಇದೆ. ರಸ್ತೆಯ ಆ ಬದಿ ಬೆಕ್ಕು, ಈ ಬದಿ ನಾಯಿ, ನಡುವೆ ಬಿಎಂಟಿಸಿ ಬಸ್ಸು. ಹಗ್ಗ ಬೇಕಾಗುವುದು ಆ ಒಂದು ಗಳಿಗೆಗೆ. ಆ ಗಳಿಗೆ ಯಾವತ್ತು ಬರುತ್ತದೆಂದು ಗೊತ್ತಿಲ್ಲದ್ದರಿಂದ ದಿನವೂ ಬೇಕು.

ಎರಡನೆಯ ಕಾರಣವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ನನ್ನ ಮೊದಲ ನಾಯಿ ತುಂಬ ಪ್ರೀತಿಯ ಜೀವ, ಯಾರನ್ನು ಕಂಡರೂ ಬಾಲ ಅಲ್ಲಾಡಿಸಿಕೊಂಡು ಓಡುತ್ತಿತ್ತು. ಒಂದು ಬೆಳಿಗ್ಗೆ ಗೇಟು ತೆಗೆದೆ, ಹಗ್ಗ ಹಾಕಿರಲಿಲ್ಲ. ಎದುರು ಮನೆಯ ಅಜ್ಜಿ ಹಾಲಿನ ಪ್ಯಾಕೆಟ್ ಹಿಡಿದು ಬರುತ್ತಿದ್ದರು. ನಾಯಿ ಅವರತ್ತ ಓಡಿತು. ನಾನು ಅಲ್ಲಿಂದಲೇ, ‘ಏನೂ ಮಾಡಲ್ಲ ಅಜ್ಜಿ, ಹೆದರಬೇಡಿ’ ಎಂದು ಕೂಗಿದೆ. ಅವರು ಹಿಂದಕ್ಕೆ ಒಂದು ಹೆಜ್ಜೆ ಇಟ್ಟರು, ಮೆಟ್ಟಿಲ ಅಂಚು ಕಾಲಿಗೆ ತಾಗಿತು, ಕುಸಿದು ಕುಳಿತರು. ಪ್ಯಾಕೆಟ್ ಒಡೆದು, ಆಗಷ್ಟೇ ಹಾಕಿದ್ದ ರಂಗೋಲಿಯ ಮೇಲೆ ಹಾಲು ಹರಿಯಿತು. ನಾಯಿ ಬಾಲ ಅಲ್ಲಾಡಿಸುತ್ತ ಆ ಹಾಲು ನೆಕ್ಕುತ್ತಿತ್ತು. ಅಜ್ಜಿಯ ಕೈ ಎಷ್ಟೋ ಹೊತ್ತು ನಡುಗುತ್ತಲೇ ಇತ್ತು. ಬೈಯಲಿಲ್ಲ ಅವರು. ‘ಅದು ಏನೂ ಮಾಡಲ್ಲ ಅಂತ ನಿಮಗೆ ಗೊತ್ತು ಮೇಷ್ಟ್ರೇ, ನನಗೆ ಹೆಂಗೆ ಗೊತ್ತಾಗ್ಬೇಕು?’ ಎಂದರು, ಅಷ್ಟೇ.

‘ನಮ್ಮದು ಏನೂ ಮಾಡಲ್ಲ’ ಎಂಬ ಮಾತನ್ನು ನಾನು ಅಂದಿನಿಂದ ಬಿಟ್ಟೆ. ನೀವು ಶುರುವಿನಲ್ಲೇ ಬಿಟ್ಟುಬಿಡಿ. ದಾರಿಯಲ್ಲಿ ಎದುರಾಗುವವರಲ್ಲಿ ಚಿಕ್ಕಂದಿನಲ್ಲಿ ನಾಯಿ ಕಚ್ಚಿಸಿಕೊಂಡವರಿರುತ್ತಾರೆ, ಬಸುರಿಯರಿರುತ್ತಾರೆ, ಬ್ಯಾಗು ಹೊತ್ತು ಸ್ಕೂಲ್ ವ್ಯಾನಿಗೆ ಕಾಯುವ ಮಕ್ಕಳಿರುತ್ತಾರೆ. ನಾಯಿ ಕಚ್ಚಿದರೆ ಮಾತ್ರ ತೊಂದರೆ ಎಂದುಕೊಳ್ಳುವುದು ತಪ್ಪು. ಹೆದರಿಕೆಯೇ ಒಂದು ಪೆಟ್ಟು. ಕಾನೂನೂ ನಾಯಿ ಕಚ್ಚುವವರೆಗೆ ಕಾಯುವುದಿಲ್ಲ. ತಮ್ಮ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯವೋ ತೀವ್ರ ಗಾಯವೋ ಆಗದಂತೆ ಎಚ್ಚರ ವಹಿಸದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು ಎನ್ನುತ್ತದೆ. 2024ರ ಜುಲೈ 1ರಿಂದ ಇದು ಜಾರಿಯಲ್ಲಿದೆ. ಶಿಕ್ಷೆಯಾಗುವುದು ನಾಯಿಗಲ್ಲ, ಹಗ್ಗದ ಇನ್ನೊಂದು ತುದಿ ಹಿಡಿಯಬೇಕಾಗಿದ್ದವರಿಗೆ.

ಇಲ್ಲಿ ನೀವು ಒಂದು ನ್ಯಾಯವಾದ ಪ್ರಶ್ನೆ ಕೇಳಬಹುದು. ಬೀದಿಯಲ್ಲಿ ಇಷ್ಟೊಂದು ನಾಯಿಗಳು ಹಗ್ಗವಿಲ್ಲದೆ ಓಡಾಡುತ್ತಿರುವಾಗ ನಮ್ಮ ಒಂದಕ್ಕೆ ಏಕೆ ಈ ಕಟ್ಟುಪಾಡು? ಬೀದಿನಾಯಿಗೆ ಆ ಬೀದಿಯೇ ಮನೆ. ಯಾವ ಮೂಲೆಯಲ್ಲಿ ಗಾಡಿ ತಿರುಗುತ್ತದೆ, ಯಾವ ಅಂಗಡಿಯವರು ಬಿಸ್ಕತ್ತು ಹಾಕುತ್ತಾರೆ, ಯಾರು ಕಲ್ಲು ಎತ್ತುತ್ತಾರೆ, ಪಕ್ಕದ ಗುಂಪಿನ ಸರಹದ್ದು ಎಲ್ಲಿಂದ ಶುರು, ಎಲ್ಲವೂ ಅದಕ್ಕೆ ಗೊತ್ತು. ಸೋಫಾ ಕೆಳಗೆ ಬೆಳೆದ ನಿಮ್ಮ ಮರಿಗೆ ಇದು ಯಾವುದೂ ಗೊತ್ತಿಲ್ಲ. ಅದು ಒಂದು ಸರಹದ್ದಿನೊಳಗೆ ಕಾಲಿಟ್ಟರೆ ಅಲ್ಲಿಯ ನಾಲ್ಕು ನಾಯಿಗಳು ಎದ್ದು ನಿಲ್ಲುತ್ತವೆ. ಹೆದರಿ ಓಡಿದರೆ ಅಟ್ಟಿಸಿಕೊಂಡು ಬರುತ್ತವೆ. ಹಾಗೆ ಓಡಿ ದಾರಿ ತಪ್ಪಿದ ಸಾಕುನಾಯಿಗಳ ಚಿತ್ರಗಳನ್ನು ಲೈಟು ಕಂಬಗಳ ಮೇಲೆ ನೀವು ನೋಡಿರುತ್ತೀರಿ. ದೀಪಾವಳಿಯ ವಾರದಲ್ಲಂತೂ ಪಟಾಕಿಯ ಸದ್ದಿಗೆ ಎಷ್ಟೋ ಹಳೆಯ, ಪಳಗಿದ ನಾಯಿಗಳೂ ಕಂಗಾಲಾಗಿ ಓಡುತ್ತವೆ.

‘ಹಗ್ಗ ಹಾಕಿದರೆ ನಾಯಿ ಜಗಳಗಂಟಿಯಾಗುತ್ತದೆ’ ಎಂದು ಕೆಲವರು ನಿಮಗೆ ಹೇಳಿಯೇ ಹೇಳುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಅದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಎರಡು ನಾಯಿಗಳು ತಮ್ಮ ಪಾಡಿಗೆ ಭೇಟಿಯಾಗುವಾಗ ನೇರವಾಗಿ ಮುಖಕ್ಕೆ ಮುಖ ಕೊಟ್ಟು ಬರುವುದಿಲ್ಲ. ಸ್ವಲ್ಪ ಬಳಸಿಕೊಂಡು, ಮೈ ಓರೆ ಮಾಡಿಕೊಂಡು ಬಂದು, ಪಕ್ಕದಿಂದ ಮೂಸುತ್ತವೆ. ಅದು ಅವುಗಳ ನಮಸ್ಕಾರ. ನಾವು ಭಯಪಟ್ಟು ಹಗ್ಗವನ್ನು ಬಿಗಿದು ಎಳೆದಾಗ ನಾಯಿಯ ಎದೆ ಮೇಲೇಳುತ್ತದೆ, ಕತ್ತು ನೆಟ್ಟಗಾಗುತ್ತದೆ, ನೋಟ ನೇರವಾಗುತ್ತದೆ. ಎದುರಿನ ನಾಯಿಗೆ ಅದು ಸವಾಲಿನ ಹಾಗೆ ಕಾಣುತ್ತದೆ. ಜೊತೆಗೆ ನಿಮ್ಮ ಕೈಯ ಬಿಗಿ ಹಗ್ಗದಗುಂಟ ಇಳಿದು ನಿಮ್ಮ ನಾಯಿಗೂ ಮುಟ್ಟುತ್ತದೆ. ಆದ್ದರಿಂದ ತೊಂದರೆ ಇರುವುದು ಬಿಗಿದ ಹಗ್ಗದಲ್ಲಿ. ಬೀದಿನಾಯಿ ಎದುರಾದರೆ ಹಗ್ಗ ಸಡಿಲವಾಗಿರಲಿ. ಕೂಗಬೇಡಿ, ಓಡಬೇಡಿ, ಕೋಲು ಎತ್ತಬೇಡಿ. ನಾಯಿಯನ್ನು ನಿಮ್ಮ ಇನ್ನೊಂದು ಪಕ್ಕಕ್ಕೆ ತಂದುಕೊಂಡು, ರಸ್ತೆ ದಾಟಿ ಅಥವಾ ಬಂದ ದಾರಿಯಲ್ಲೇ ತಿರುಗಿ, ಮಾತಾಡಿಸುತ್ತ ನಡೆಯಿರಿ.

ಈಗ ಕಲಿಸುವ ಬಗೆ. ಮೊದಲ ಪಾಠ ಬೀದಿಯಲ್ಲಲ್ಲ, ಮನೆಯೊಳಗೆ. ಕೊರಳಪಟ್ಟಿ ಹಾಕಿ, ಪಟ್ಟಿಗೂ ಕೊರಳಿಗೂ ನಡುವೆ ನಿಮ್ಮ ಎರಡು ಬೆರಳು ಸರಾಗವಾಗಿ ಹೋಗಬೇಕು. ಪಗ್‌ನಂಥ ಮೊಂಡುಮೂಗಿನ ನಾಯಿಗಳಿಗೆ ಮತ್ತು ತುಂಬ ಎಳೆಯುವ ಮರಿಗಳಿಗೆ ಹಾರ್ನೆಸ್ ಒಳ್ಳೆಯದು. ಹಾರ್ನೆಸ್ ಎಂದರೆ ಕೊರಳಿನ ಬದಲು ಎದೆ ಮತ್ತು ಹೆಗಲನ್ನು ಬಳಸಿ ಕಟ್ಟುವ ಪಟ್ಟಿ. ಎಳೆದಾಗ ಭಾರ ಗಂಟಲಿನ ಮೇಲೆ ಬೀಳುವುದಿಲ್ಲ. ಕೊಂಡಿ ಸಿಕ್ಕಿಸಿ, ಹಗ್ಗವನ್ನು ನೆಲದ ಮೇಲೆ ಬಿಡಿ. ಮರಿ ಅದನ್ನು ಎಳೆದುಕೊಂಡು ನಡುಮನೆಯಲ್ಲಿ ತಿರುಗಲಿ, ನೀವು ಅಲ್ಲೇ ಇರಿ. ಎರಡು ಮೂರು ದಿನಗಳಲ್ಲಿ ಹಗ್ಗ ಅದಕ್ಕೆ ಮರೆತೇಹೋಗುತ್ತದೆ.

ಆಮೇಲೆ ಕುಣಿಕೆ ನಿಮ್ಮ ಕೈಗೆ. ಕುಣಿಕೆಯೊಳಗೆ ಕೈ ತೂರಿಸಿ, ಕುಣಿಕೆ ಮಣಿಕಟ್ಟಿನಲ್ಲಿ ಇರುವಂತೆ ಹಗ್ಗವನ್ನು ಅಂಗೈಯಲ್ಲಿ ಹಿಡಿಯಿರಿ. ಬೆರಳುಗಳಿಗೆ ಸುತ್ತಿಕೊಳ್ಳಬೇಡಿ, ದೊಡ್ಡ ನಾಯಿ ಒಮ್ಮೆಲೇ ನುಗ್ಗಿದರೆ ಬೆರಳಿಗೆ ಪೆಟ್ಟು. ಗುಂಡಿ ಒತ್ತಿದರೆ ಉದ್ದವಾಗುವ, ಡಬ್ಬಿಯೊಳಗೆ ಸುತ್ತಿಕೊಳ್ಳುವ ಹಗ್ಗಗಳು ಬರುತ್ತವೆ. ನಮ್ಮ ರಸ್ತೆಗಳಿಗೆ ಅವು ಬೇಡ. ಹತ್ತು ಹದಿನೈದು ಅಡಿ ಮುಂದೆ ಹೋದ ನಾಯಿಯನ್ನು ಆಟೋ ಬಂದಾಗ ಹಿಂದಕ್ಕೆ ತರುವಷ್ಟು ಸಮಯ ನಿಮಗೆ ಸಿಗುವುದಿಲ್ಲ.

ನಡೆಯಲು ಶುರುಮಾಡಿದಾಗ ಮರಿ ಎಳೆಯುತ್ತದೆ. ನೀವೂ ಎಳೆಯಬೇಡಿ. ಕಣ್ಣಿ ಹಿಡಿದು ಹಸುವನ್ನು ಎಳೆದವರಿಗೆ ಗೊತ್ತು: ಮುಂದಕ್ಕೆ ಜಗ್ಗಿದಷ್ಟೂ ಅದು ಹಿಂದಕ್ಕೆ ಊರಿ ನಿಲ್ಲುತ್ತದೆ. ನಾಯಿಯೂ ಹಾಗೆಯೇ, ಎಳೆತಕ್ಕೆ ಎದುರು ಎಳೆಯುತ್ತದೆ. ಅದು ಎಳೆದ ಕೂಡಲೇ ನೀವು ನಿಂತುಬಿಡಿ. ಮಾತು ಬೇಡ, ಜಗ್ಗುವುದು ಬೇಡ. ಸ್ವಲ್ಪ ಹೊತ್ತಿಗೆ ಅದು ಹಿಂತಿರುಗಿ ನಿಮ್ಮನ್ನು ನೋಡುತ್ತದೆ, ಹಗ್ಗ ಬಿಲ್ಲಿನಂತೆ ಕೆಳಗೆ ಬಾಗುತ್ತದೆ. ಆ ಕ್ಷಣವೇ ‘ಭಲೇ’ ಎನ್ನಿ, ಬೇಯಿಸಿದ ಮೊಟ್ಟೆಯ ಒಂದು ಚೂರು ಕೊಡಿ, ಮತ್ತೆ ನಡೆಯಿರಿ. ಮೊದಲ ದಿನ ಮನೆಯಿಂದ ಮೂಲೆಯವರೆಗೆ ಹೋಗಲು ಅರ್ಧ ಗಂಟೆ ಹಿಡಿದರೂ ಬೇಸರ ಬೇಡ. ಹಗ್ಗ ಸಡಿಲವಾಗಿದ್ದರೆ ದಾರಿ ಮುಂದುವರಿಯುತ್ತದೆ ಎಂಬುದನ್ನು ಅದು ಕಲಿಯುತ್ತಿದೆ. ಕಂಬ, ಗಿಡ, ಕಲ್ಲು ಮೂಸಲು ಬಿಡಿ. ನಾಯಿಗೆ ಮೂಸುವುದೆಂದರೆ ನಮಗೆ ಬೆಳಗಿನ ಪತ್ರಿಕೆ ಓದಿದ ಹಾಗೆ, ಅವಸರ ಮಾಡಬಾರದು. ಬೇಸಿಗೆಯಾದರೆ ಹೊರಡುವ ಮುನ್ನ ನಿಮ್ಮ ಅಂಗೈಯ ಹಿಂಬದಿಯನ್ನು ರಸ್ತೆಯ ಡಾಂಬರಿನ ಮೇಲೆ ಐದಾರು ಸೆಕೆಂಡು ಇಟ್ಟು ನೋಡಿ. ನಿಮಗೆ ಸುಟ್ಟರೆ ಅದರ ಪಾದಕ್ಕೂ ಸುಡುತ್ತದೆ.

ಹಾಗಾದರೆ ನಾಯಿ ಮನಸಾರೆ ಓಡುವುದು ಯಾವಾಗ? ಓಡಬೇಕು, ಖಂಡಿತ ಓಡಬೇಕು. ಗೋಡೆಯೋ ಬೇಲಿಯೋ ಇರುವ ಜಾಗದಲ್ಲಿ ಬಿಚ್ಚಿಬಿಡಿ. ಕಬ್ಬನ್ ಪಾರ್ಕಿನಲ್ಲಿ ನಾಯಿಗಳಿಗೆಂದೇ ಬೇಲಿ ಹಾಕಿದ ಜಾಗವಿದೆ. ಊರ ಕಡೆಯವರಾದರೆ ಬೇಲಿ ಇರುವ ತೋಟ ಸಿಗುತ್ತದೆ. ಅದೇ ಕಬ್ಬನ್ ಪಾರ್ಕಿಗೆ ಸಾಕುನಾಯಿಗಳನ್ನು ತರುವುದನ್ನೇ ನಿಷೇಧಿಸಲು 2022ರಲ್ಲಿ ತೋಟಗಾರಿಕೆ ಇಲಾಖೆ ಹೊರಟಿತ್ತು. ಹಗ್ಗವಿಲ್ಲದೆ ಬಿಡುತ್ತಾರೆ, ಗಲೀಜು ಎತ್ತುವುದಿಲ್ಲ ಎಂಬ ದೂರುಗಳೇ ಅದಕ್ಕೆ ಕಾರಣ. ನಾಯಿ ಸಾಕುವವರು ವಿರೋಧಿಸಿದ ಮೇಲೆ ಅದು ಜಾರಿಗೆ ಬರಲಿಲ್ಲ. ಕೆಲವರು ಹಿಡಿಯದೆ ಬಿಟ್ಟ ಹಗ್ಗದಿಂದ ಊರಿನ ಎಲ್ಲ ನಾಯಿಗಳೂ ಒಂದು ಉದ್ಯಾನ ಕಳೆದುಕೊಳ್ಳುವುದರಲ್ಲಿದ್ದವು.

ಒಂದು ಅಭ್ಯಾಸವನ್ನು ಮೊದಲ ದಿನದಿಂದಲೇ ಬೆಳೆಸಿಕೊಳ್ಳಿ. ನನ್ನ ನಾಯಿ ಅಜ್ಜಿಯತ್ತ ಓಡಿದ್ದು ರಸ್ತೆಯ ನಡುವಿನಿಂದಲ್ಲ, ನಾನು ತೆರೆದ ಗೇಟಿನಿಂದ. ನಾಳೆ ಬೆಳಿಗ್ಗೆ ಹೊರಡುವಾಗ ಮರಿಯನ್ನು ಬಾಗಿಲ ಒಳಗೇ ಕೂರಿಸಿ, ಕೊಂಡಿ ಸಿಕ್ಕಿಸಿ, ಒಮ್ಮೆ ಮೆಲ್ಲಗೆ ಎಳೆದು ಸರಿಯಾಗಿ ಕೂತಿದೆಯೇ ಎಂದು ನೋಡಿ, ಕುಣಿಕೆಯೊಳಗೆ ಕೈ ತೂರಿಸಿ. ಗೇಟಿನ ಚಿಲಕ ತೆಗೆಯುವುದು ಆಮೇಲೆ.