ಬೈಲಕುಪ್ಪೆ ಟೂರ್ ಗೈಡ್ ಆಗಬೇಕೆ? ಹತ್ತು ಸೂತ್ರ ಹಿಡಿಯಿರಿ

ಮೈಸೂರಿನಲ್ಲಿ ಡಿಗ್ರಿ ಮುಗಿಸಿದ್ದೀರಿ. ಬೈಕ್ ಇದೆ, ಫೋನ್ ಇದೆ, ಇಂಗ್ಲಿಷ್ ಪರವಾಗಿಲ್ಲ, ಕೆಲಸ ಮಾತ್ರ ಇಲ್ಲ. ಅಥವಾ ಕೆಲಸ ಇದೆ, ಸೋಮವಾರ ಬೆಳಿಗ್ಗೆಯೇ ಶನಿವಾರಕ್ಕೆ ಕಾಯುತ್ತಿದ್ದೀರಿ. ನಿಮ್ಮ ಮನೆಯಿಂದ ಸುಮಾರು 80 ಕಿ.ಮೀ. ದೂರದಲ್ಲಿ ಒಂದು ಬಿಸಿನೆಸ್ ಖಾಲಿ ಬಿದ್ದಿದೆ. ಪ್ರತಿ ಭಾನುವಾರ ಬಸ್ಸುಗಟ್ಟಲೆ ಜನ ಟಿಬೆಟನ್ನರ ನೆಲೆಯಾದ ಬೈಲಕುಪ್ಪೆಗೆ ಬರುತ್ತಾರೆ. ಗೋಲ್ಡನ್ ಟೆಂಪಲ್ ಮುಂದೆ ಸೆಲ್ಫಿ, ಒಂದು ಪ್ಲೇಟ್ ಮೊಮೊ, ಆಮೇಲೆ ದುಬಾರೆ ಕಡೆಗೆ ಓಟ. ಸುತ್ತ ಕಾಣುವ ಮುಸುಕಿನ ಜೋಳದ ಹೊಲ ಯಾರದು ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಉತ್ತರ ಹೇಳುವವರು ಪಕ್ಕದಲ್ಲಿ ಇರುವುದಿಲ್ಲ. ಆ ಜಾಗ ನಿಮ್ಮದು.

1. ಮೊದಲು ಇಸವಿಗಳನ್ನು ಬಾಯಿಪಾಠ ಮಾಡಿ

ಇಸವಿ ತಪ್ಪು ಹೇಳುವ ಗೈಡ್‌ನನ್ನು ಗೂಗಲ್ ಐದೇ ನಿಮಿಷದಲ್ಲಿ ಸೋಲಿಸುತ್ತದೆ. ಹೀಗೆ ಕಲಿಯಿರಿ. 1959ರಲ್ಲಿ ದಲೈ ಲಾಮಾ ಲಾಸಾ ಬಿಟ್ಟು ಭಾರತಕ್ಕೆ ಬಂದರು. ಟಿಬೆಟನ್ ನಿರಾಶ್ರಿತರಿಗೆ ಜಾಗ ಕೊಡಿ ಎಂದು ನೆಹರೂ ರಾಜ್ಯಗಳನ್ನು ಕೇಳಿದಾಗ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲೂಕಿನಲ್ಲಿ ಸುಮಾರು 3000 ಎಕರೆ ಕೊಟ್ಟಿತು. 1960ರ ಕೊನೆಗೆ ಮೊದಲ ತಂಡ ಬಂದಿಳಿಯಿತು. ಅವರ ನೆಲೆಯೇ ಲುಗ್ಸುಂಗ್ ಸಮ್ದುಪ್ಲಿಂಗ್. 1969ರಲ್ಲಿ ಪಕ್ಕದಲ್ಲೇ ಎರಡನೆಯದು, ಡಿಕ್ಯಿ ಲಾರ್ಸೋ.

ಇಲ್ಲಿ ಒಂದು ಸೂಕ್ಷ್ಮ ಇದೆ, ಒಳ್ಳೆಯ ಗೈಡ್ ಗೊತ್ತಾಗುವುದು ಇಂಥಲ್ಲೇ. ಜಾಗ ಕೊಟ್ಟ ಮುಖ್ಯಮಂತ್ರಿ ಯಾರು ಎಂದರೆ ಎಲ್ಲರೂ ನಿಜಲಿಂಗಪ್ಪ ಎನ್ನುತ್ತಾರೆ. ದಲೈ ಲಾಮಾ ಅವರೂ ನಿಜಲಿಂಗಪ್ಪನವರನ್ನು ಮತ್ತೆ ಮತ್ತೆ ಕೃತಜ್ಞತೆಯಿಂದ ನೆನೆದಿದ್ದಾರೆ. ಆದರೆ 1960ರಲ್ಲಿ ಕುರ್ಚಿಯಲ್ಲಿದ್ದವರು ಬಿ.ಡಿ. ಜತ್ತಿ. ನಿಜಲಿಂಗಪ್ಪ ಮತ್ತೆ ಮುಖ್ಯಮಂತ್ರಿಯಾಗಿದ್ದು 1962ರಲ್ಲಿ. ಎರಡನ್ನೂ ಹೇಳಿ. ಗುಂಪಿನಲ್ಲಿರುವ ರಿಟೈರ್ಡ್ ಮೇಷ್ಟ್ರು ಅಲ್ಲಿಂದಾಚೆ ನಿಮ್ಮ ಪಕ್ಷ.

2. ಗೋಲ್ಡನ್ ಟೆಂಪಲ್ ಕೊನೆಗಿರಲಿ

ಎಲ್ಲರೂ ಮೊದಲು ಅಲ್ಲಿಗೇ ಹೋಗುತ್ತಾರೆ. ನೀವು ಹೋಗಬೇಡಿ. ಬೆಳಿಗ್ಗೆ ಏಳಕ್ಕೆ ಮೈಸೂರು ಬಿಡಿ, ಹುಣಸೂರಿನಲ್ಲಿ ತಿಂಡಿ ಮುಗಿಸಿ. ದಾರಿಯ ಹೊಗೆಸೊಪ್ಪಿನ ಬ್ಯಾರನ್ ತೋರಿಸಿ, ಈ ಸೀಮೆಯ ಬೇಸಾಯ ಏನೆಂದು ಹೇಳಿ. ಹತ್ತರೊಳಗೆ ಕ್ಯಾಂಪ್ ತಲುಪಿ. ಅಲ್ಲಿ ಹಳ್ಳಿಗೆ ಕ್ಯಾಂಪ್ ಎಂದೇ ಹೆಸರು, ಒಂದೊಂದಕ್ಕೂ ನಂಬರ್. ಹೊಲದಲ್ಲಿ ಎರಡು ಗಂಟೆ, ಮನೆಯೊಂದರಲ್ಲಿ ಥುಕ್ಪಾ ಅಥವಾ ಟಿಂಗ್ಮೊ ಊಟ, ಸಹಕಾರ ಸಂಘದ ಕಡೆ ಒಂದು ಸುತ್ತು, ಆಮೇಲೆ ಗೋಲ್ಡನ್ ಟೆಂಪಲ್ ಇರುವ ನಾಮ್‌ಡ್ರೋಲಿಂಗ್ ಮಠ.

ಹೊಲ ನೋಡಿ ಬಂದವನ ಕಣ್ಣಿಗೆ ದೇವಸ್ಥಾನ ಬೇರೆಯೇ ಕಾಣುತ್ತದೆ. ಪೆನೊರ್ ರಿಂಪೋಚೆ 1963ರಲ್ಲಿ ಮಠ ಶುರು ಮಾಡಿದಾಗ ಸುತ್ತ ಕಾಡು ಕಡಿದು ಹದ ಮಾಡುತ್ತಿದ್ದ ನೆಲ. ಚಿನ್ನದ ಬಣ್ಣದ ಮೂರು ದೊಡ್ಡ ಮೂರ್ತಿಗಳಿರುವ ಈಗಿನ ಮಂದಿರ ಸಿದ್ಧವಾಗಿದ್ದು 1999ರಲ್ಲಿ. ನಡುವಿನ 36 ವರ್ಷ ಏನಾಯಿತು ಎನ್ನುವುದೇ ನಿಮ್ಮ ಟೂರ್. ಅಂದ ಹಾಗೆ, ನಡುವೆ ಕೂತವರು ಶಾಕ್ಯಮುನಿ ಬುದ್ಧ, ಅಕ್ಕಪಕ್ಕ ಪದ್ಮಸಂಭವ ಮತ್ತು ಅಮಿತಾಯುಸ್. ಮೂವರನ್ನೂ ಬುದ್ಧ ಎಂದು ಒಂದೇ ಮಾತಿನಲ್ಲಿ ಮುಗಿಸಬೇಡಿ.

3. ಹೊಲದ ಕ್ಯಾಲೆಂಡರ್ ನೋಡಿ ಬುಕಿಂಗ್ ತೆಗೆದುಕೊಳ್ಳಿ

ಡಿಸೆಂಬರ್‌ನಲ್ಲಿ ಫಾರ್ಮ್ ಟೂರ್ ಮಾರಿದರೆ ಗಿರಾಕಿಗೆ ಕೂಳೆ ತೋರಿಸಬೇಕಾಗುತ್ತದೆ. ಮುಸುಕಿನ ಜೋಳ ಇಲ್ಲಿನ ಮುಖ್ಯ ಬೆಳೆ. ಮುಂಗಾರಿಗೆ ಬಿತ್ತನೆ, ಮಳೆಗಾಲ ಮುಗಿಯುವ ಹೊತ್ತಿಗೆ ಕಟಾವು. ಜೂನ್‌ನಿಂದ ಸೆಪ್ಟೆಂಬರ್ ನಿಮ್ಮ ಸೀಸನ್. ಕಟಾವಾದ ಮೇಲೆ ಅನೇಕ ಮನೆಯವರು ಸ್ವೆಟರ್ ವ್ಯಾಪಾರಕ್ಕೆ ಊರೂರಿಗೆ ಹೊರಡುತ್ತಾರೆ. ಲುಧಿಯಾನದಿಂದ ಸಗಟಿನಲ್ಲಿ ತಂದು ಚಳಿಗಾಲವಿಡೀ ಫುಟ್‌ಪಾತ್‌ನಲ್ಲಿ, ಸಂತೆಯಲ್ಲಿ ಮಾರುವ ಕಾಯಕ. ಮೈಸೂರಿನಲ್ಲಿ ನೀವು ಚೌಕಾಸಿ ಮಾಡಿ ಕೊಂಡ ಸ್ವೆಟರ್‌ಗೂ ಈ ಹೊಲಕ್ಕೂ ಇರುವ ಸಂಬಂಧ ಇದೇ. ಒಂದು ಬೆಳೆಯ ಸಣ್ಣ ಹಿಡುವಳಿ ವರ್ಷಪೂರ್ತಿ ಸಾಕುವುದಿಲ್ಲ. ಇದನ್ನು ಗುಂಪಿಗೆ ಹೇಳಿ. ಕೃಷಿಯ ಅರ್ಥಶಾಸ್ತ್ರ ಒಂದೇ ನಿಮಿಷದಲ್ಲಿ ತಲೆಗೆ ಹೋಗುತ್ತದೆ.

ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಲೋಸರ್, ಅವರ ಹೊಸ ವರ್ಷ. ವ್ಯಾಪಾರಕ್ಕೆ ಹೋದವರು ಮನೆಗೆ ಮರಳಿರುತ್ತಾರೆ. ಹಬ್ಬದ ಟೂರ್ ಬೇರೆಯೇ ಪ್ಯಾಕೇಜ್ ಮಾಡಿ, ಹೊಲದ ಜೊತೆ ಕಲಸಬೇಡಿ.

4. ಸೆಟ್ಲ್‌ಮೆಂಟ್ ಆಫೀಸಿನ ಬಾಗಿಲು ಮೊದಲು ತಟ್ಟಿ

ನೇರವಾಗಿ ಹೊಲಕ್ಕೆ ಇಳಿಯಬೇಡಿ. ಸೆಟ್ಲ್‌ಮೆಂಟ್ ಆಫೀಸರ್ ಇದ್ದಾರೆ, ಪ್ರತಿ ಕ್ಯಾಂಪ್‌ಗೆ ಲೀಡರ್ ಇದ್ದಾರೆ. ಹೋಗಿ, ಕೂತು, ಬರೆದ ಪ್ಲಾನ್ ಕೊಡಿ. ಎಷ್ಟು ಜನ, ಯಾವ ದಿನ, ಯಾರ ಮನೆ, ಯಾರಿಗೆ ಎಷ್ಟು ದುಡ್ಡು. ಅವರು ಬೇಡ ಎಂದ ಬೀದಿಗೆ ಕಾಲಿಡಬೇಡಿ. ಅಲ್ಲಿನ ನೆಲ ಗುತ್ತಿಯದು, ಯಾರ ಸ್ವಂತದ್ದೂ ಅಲ್ಲ. ಹೊರಗಿನವರು ತಂದ ಒಂದು ಜಗಳವೂ ಅವರಿಗೆ ದುಬಾರಿ.

5. ಪೇಪರ್ ವರ್ಕ್‌ಗೆ ಬೇಸರ ಪಡಬೇಡಿ

ವಿದೇಶಿಯರು ಟಿಬೆಟನ್ ಕ್ಯಾಂಪ್‌ನಲ್ಲಿ ತಂಗಬೇಕಾದರೆ ಪ್ರೊಟೆಕ್ಟೆಡ್ ಏರಿಯಾ ಪರ್ಮಿಟ್ ಬೇಕು. ಅದನ್ನು ಕೊಡುವುದು ಕೇಂದ್ರ ಗೃಹ ಸಚಿವಾಲಯ. ಕೈಗೆ ಸಿಗಲು ತಿಂಗಳುಗಳೇ ಹಿಡಿಯುತ್ತವೆ. ಹಾಗಾಗಿ ವಿದೇಶಿ ಗುಂಪಿಗೆ ಒಂದೇ ದಿನದ ಟೂರ್ ಇಡಿ, ರಾತ್ರಿ ಕಾವೇರಿ ದಾಟಿ ಕುಶಾಲನಗರದಲ್ಲಿ ಉಳಿಸಿ, ಇಲ್ಲವೇ ಮೈಸೂರಿಗೆ ವಾಪಸ್ ಕರೆತನ್ನಿ. ಹಗಲು ಭೇಟಿಗೂ ಈಗಿನ ನಿಯಮ ಏನೆಂದು ಬೈಲಕುಪ್ಪೆ ಪೊಲೀಸ್ ಠಾಣೆಯಲ್ಲಿ ಮುಂಚೆಯೇ ವಿಚಾರಿಸಿ. ವಿದೇಶಿಯರನ್ನು ಉಳಿಸಿಕೊಳ್ಳುವ ಲಾಡ್ಜ್, ಹೋಮ್‌ಸ್ಟೇಯವರು 24 ಗಂಟೆಯೊಳಗೆ ಅವರ ವಿವರದ ಫಾರ್ಮ್ ತುಂಬಬೇಕು. ಅವರು ತುಂಬಿದರೇ ಎಂದು ನೀವು ಕೇಳಿ. ಬಾಡಿಗೆಗೆ ಹಳದಿ ಬೋರ್ಡ್ ಗಾಡಿಯನ್ನೇ ಹಿಡಿಯಿರಿ. ಸ್ನೇಹಿತನ ವೈಟ್ ಬೋರ್ಡ್ ಕಾರಿನಲ್ಲಿ ಉಳಿಸಿದ ದುಡ್ಡು ಒಂದೇ ಚೆಕ್‌ಪೋಸ್ಟ್‌ನಲ್ಲಿ ಹೋಗುತ್ತದೆ.

ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಇನ್‌ಕ್ರೆಡಿಬಲ್ ಇಂಡಿಯಾ ಟೂರಿಸ್ಟ್ ಫೆಸಿಲಿಟೇಟರ್ ಕೋರ್ಸ್ ಆನ್‌ಲೈನ್‌ನಲ್ಲಿ ಬಂದಿದೆ. ಅದರ ಅರ್ಜಿ ಯಾವಾಗ ತೆರೆಯುತ್ತದೆ ಎಂದು ಕಣ್ಣಿಟ್ಟಿರಿ.

6. ಕಳೆ ಕೀಳುವವರನ್ನೂ ಪರಿಚಯಿಸಿ

ಹೆಚ್ಚಿನ ಗೈಡ್‌ಗಳು ಎಡವುವುದು ಇಲ್ಲೇ. ಟಿಬೆಟನ್ ಹೊಲದಲ್ಲಿ ಟಿಬೆಟನ್ನರಷ್ಟೇ ಇರುತ್ತಾರೆ ಎಂದುಕೊಂಡು ಹೋಗುತ್ತೀರಿ. ಸಾಲಿನಲ್ಲಿ ಬಗ್ಗಿ ಕಳೆ ಕೀಳುತ್ತಿರುವವರು ಸುತ್ತಲ ಹಳ್ಳಿಯ ನಮ್ಮ ಹೆಣ್ಣುಮಕ್ಕಳು. ಕ್ಯಾಂಪ್‌ನ ಯುವಕರಲ್ಲಿ ಎಷ್ಟೋ ಜನ ಬೆಂಗಳೂರಿಗೆ, ಇನ್ನೂ ದೂರ ಅಮೆರಿಕ, ಕೆನಡಾಕ್ಕೆ ಹೋಗಿದ್ದಾರೆ. ಹಿರಿಯರು ಉಳಿದಿದ್ದಾರೆ, ಬೇಸಾಯಕ್ಕೆ ಕೂಲಿ ಬೇಕು. ಅರವತ್ತು ವರ್ಷ ದಾಟಿದ ಈ ಕೊಡುಕೊಳ್ಳುವಿಕೆಯಲ್ಲಿ ಕನ್ನಡ ಮಾತಾಡುವ ಟಿಬೆಟನ್ ಹಿರಿಯ, ಟಿಬೆಟನ್ ನಾಲ್ಕು ಮಾತು ಬಲ್ಲ ಪಿರಿಯಾಪಟ್ಟಣದ ಅಕ್ಕ, ಇಬ್ಬರೂ ತಯಾರಾಗಿದ್ದಾರೆ. ಇಬ್ಬರನ್ನೂ ಮಾತಾಡಿಸಿ. ಕೂಲಿ, ನೀರು, ಜಾಗದ ಬಗ್ಗೆ ಮುನಿಸು ಇದ್ದರೆ ಅದನ್ನೂ ಮುಚ್ಚಿಡಬೇಡಿ. ಬರೀ ಶಾಂತಿ, ಮಂದಹಾಸ ಎಂದು ಮಾರುವ ಟೂರ್ ನನಗೆ ಹಿಡಿಸುವುದಿಲ್ಲ, ಬುದ್ಧಿವಂತ ಗಿರಾಕಿಗೂ ಹಿಡಿಸುವುದಿಲ್ಲ.

ಇದೇ ಜಾಗದಲ್ಲಿ ಮೈರಾಡದ ಹೆಸರು ಹೇಳಿ. ಇಂದು ದಕ್ಷಿಣ ಭಾರತದಲ್ಲಿ ಸ್ವಸಹಾಯ ಸಂಘಗಳಿಗೆ ಹೆಸರಾದ ಈ ಸಂಸ್ಥೆ 1968ರಲ್ಲಿ ಹುಟ್ಟಿದ್ದೇ ಟಿಬೆಟನ್ನರಿಗೆ ನೆಲೆ ಕಲ್ಪಿಸಲು. ಆಮೇಲೆ ಅದು ನಮ್ಮ ಹಳ್ಳಿಗಳಿಗೆ ಬಂತು. ವಲಸಿಗರಿಗೆ ಮಾಡಿದ ಕೆಲಸದಲ್ಲಿ ಕಲಿತದ್ದು ಊರಿನವರಿಗೂ ದಕ್ಕಿದ್ದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಹತ್ತಿರದಲ್ಲಿ ಇಲ್ಲ.

7. ಮನುಷ್ಯರನ್ನು ಪ್ರದರ್ಶನಕ್ಕೆ ಇಡಬೇಡಿ

ಬಸ್ ಇಳಿಯುವ ಮುಂಚೆ ರೂಲ್ಸ್ ಹೇಳಿ. ಕೇಳದೆ ಫೋಟೊ ಇಲ್ಲ. ಪುಟ್ಟ ಸನ್ಯಾಸಿಗಳ ಮುಖದ ಹತ್ತಿರ ಫೋನ್ ಹಿಡಿಯುವಂತಿಲ್ಲ. ಪ್ರಾರ್ಥನಾ ಚಕ್ರವನ್ನು ಪ್ರದಕ್ಷಿಣೆಯ ದಿಕ್ಕಿಗೇ ತಿರುಗಿಸಬೇಕು. ಬೈಲಕುಪ್ಪೆಯದೇ ಸೆರಾ ಮಠದ ಅಂಗಳದಲ್ಲಿ ಸನ್ಯಾಸಿಗಳು ಚಪ್ಪಾಳೆ ಹೊಡೆದು ಶಾಸ್ತ್ರಾರ್ಥ ನಡೆಸುವಾಗ ನಗಬಾರದು. ಅದು ಅವರ ಪರೀಕ್ಷಾ ತಯಾರಿ. ಹಿರಿಯರನ್ನು ಪಾಲಾ, ಅಮಾಲಾ ಎಂದು ಕರೆಯಿರಿ, ನಮಸ್ಕಾರಕ್ಕೆ ತಾಶಿ ದೆಲೆಕ್ ಹೇಳಿ. ಒಂದು ಗುಂಪಿಗೆ ಎಂಟು ಜನ ಸಾಕು. ಮೂವತ್ತು ಜನ ನುಗ್ಗಿದರೆ ಯಾವ ಅಮಾಲಾ ತಾನೆ ಎರಡನೇ ಸಲ ಬಾಗಿಲು ತೆಗೆಯುತ್ತಾರೆ?

8. ಮನೆಯವರ ಪಾಲು ಮೊದಲು, ನಿಮ್ಮ ಲಾಭ ಆಮೇಲೆ

ಊಟ ಕೊಟ್ಟ ಮನೆ, ಹೊಲ ತೋರಿಸಿದ ರೈತ, ಟಿಬೆಟನ್ ಸಹ-ಗೈಡ್, ಡ್ರೈವರ್. ಈ ನಾಲ್ಕರ ಮೊತ್ತ ಬರೆದು, ಮೇಲೆ ನಿಮ್ಮದು ಸೇರಿಸಿ ರೇಟ್ ಹೇಳಿ. ಅದೇ ದಿನ ಕೊಟ್ಟುಬಿಡಿ. ಬುಕಿಂಗ್ ಕ್ಯಾನ್ಸಲ್ ಆದರೂ ಅಡುಗೆ ಮಾಡಿಟ್ಟವರಿಗೆ ದುಡ್ಡು ತಲುಪಬೇಕು. ಅಂಗಡಿಯವರಿಂದ ಕಮಿಷನ್ ತೆಗೆದುಕೊಂಡು ಗುಂಪನ್ನು ಮಣಿಸರದ ಮಳಿಗೆಗೆ ನುಗ್ಗಿಸುವ ಚಾಳಿ ಬೇಡ.

9. ‘ನನಗೆ ಬರಲ್ಲ’ ಎನ್ನುವುದನ್ನು ನಿಲ್ಲಿಸಿ

ಟಿಬೆಟನ್ ಬರಲ್ಲವೆ? ಬರುವ ಕ್ಯಾಂಪ್‌ನ ಯುವತಿಯನ್ನು ಪಾರ್ಟ್ನರ್ ಮಾಡಿಕೊಳ್ಳಿ. ಬೌದ್ಧ ಧರ್ಮ ಗೊತ್ತಿಲ್ಲವೆ? ನಾಲ್ಕು ಭಾನುವಾರ ಅಲ್ಲೇ ಕೂತು ಕೇಳಿ. ಗಿರಾಕಿ ಎಲ್ಲಿ ಎನ್ನುತ್ತೀರಾ? ಮೈಸೂರಿನ ಗೋಕುಲಂಗೆ ಹೋಗಿ. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗ ಕಲಿಯಲು ಬಂದವರು ವಾರಗಟ್ಟಲೆ, ತಿಂಗಳುಗಟ್ಟಲೆ ಇರುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಗೆ ಅವರಿಗೆ ಅಭ್ಯಾಸಕ್ಕೆ ರಜೆ. ಕ್ಯಾಲೆಂಡರ್ ತೆಗೆದು ಆ ದಿನಗಳಿಗೆ ಟೂರ್ ಫಿಕ್ಸ್ ಮಾಡಿ, ಕೆಫೆಗಳಲ್ಲಿ ಪೋಸ್ಟರ್ ಅಂಟಿಸಿ. ಇಂಥ ಟೂರ್ ಯಾರಿಗೆ ಬೇಕು ಎನ್ನುತ್ತೀರಾ? ಅಮೆರಿಕದ ಮಿನೆಸೋಟಾದಲ್ಲಿ ಲಾವೋಸ್‌ನಿಂದ ನಿರಾಶ್ರಿತರಾಗಿ ಹೋದ ಹ್ಮಾಂಗ್ ರೈತರು ಸೇಂಟ್ ಪಾಲ್ ಸಂತೆಯಲ್ಲಿ ತಾವೇ ನಿಂತು ತರಕಾರಿ ಮಾರುತ್ತಾರೆ, ಅಲ್ಲಿನವರು ಅವರನ್ನು ಹೆಸರಿನಿಂದ ಬಲ್ಲರು. ನಮ್ಮಲ್ಲಿ ಟಿಬೆಟನ್ ರೈತರ ಆ ಪರಿಚಯ ಇನ್ನೂ ಆಗಿಲ್ಲ. ಅದೇ ನಿಮಗೆ ಅವಕಾಶ.

10. ಎರಡನೇ ರೂಟ್ ಈಗಲೇ ಗುರುತಿಸಿ

ಬೈಲಕುಪ್ಪೆಗೆ ನಾಳೆ ಹತ್ತು ಜನ ಗೈಡ್ ಬರುತ್ತಾರೆ. ಅಷ್ಟರಲ್ಲಿ ನೀವು ಹುಣಸೂರು ತಾಲೂಕಿನ ಗುರುಪುರದಲ್ಲಿರಬೇಕು. ಅಲ್ಲಿನ ಟಿಬೆಟನ್ ನೆಲೆ ರಾಬ್‌ಗ್ಯೆಲಿಂಗ್ ಶುರುವಾಗಿದ್ದು 1972ರಲ್ಲಿ, ಅದೇ ತಾಲೂಕಿನ ದೇವರಾಜ ಅರಸು ಮುಖ್ಯಮಂತ್ರಿಯಾದ ವರ್ಷ. ನಾಗರಹೊಳೆ ಹತ್ತಿರ, ಜೋಳಕ್ಕೆ ಆನೆ ಬರುತ್ತದೆ, ಹಾಗಾಗಿ ಸಂಜೆಯ ಮೇಲೆ ಹೊಲದ ನಡಿಗೆ ಬೇಡ. ಇನ್ನೂ ದೂರ ಹೋಗುವ ಉಮೇದು ಇದ್ದರೆ ಹನೂರು ಕಡೆಯ ಒಡೆಯರಪಾಳ್ಯ ಇದೆ, 1974ರದ್ದು. ಅಲ್ಲಿಗೆ ಮಹದೇಶ್ವರ ಬೆಟ್ಟದ ಯಾತ್ರಿಕರು ಹೋಗುವ ಸೀಮೆಯಲ್ಲೇ ದಾರಿ. ಆದರೂ ಟೂರ್ ಗಾಡಿ ನಿಲ್ಲುವುದು ಅಪರೂಪ.

ಈ ವಾರವೇ ಮಡಿಕೇರಿ ಕಡೆಯ ಕೆಎಸ್ಆರ್‌ಟಿಸಿ ಬಸ್ ಹತ್ತಿ ಕೊಪ್ಪದಲ್ಲಿ ಇಳಿಯಿರಿ. ಕ್ಯಾಮೆರಾ ಬ್ಯಾಗ್‌ನಲ್ಲೇ ಇರಲಿ, ನೋಟ್‌ಬುಕ್ ಕೈಯಲ್ಲಿರಲಿ. ಮೊದಲು ಸೆಟ್ಲ್‌ಮೆಂಟ್ ಆಫೀಸಿಗೆ ಹೋಗಿ.