ಮೊದಲು ಲಂಗರು, ಆಮೇಲೆ ಪಬ್ಬು

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಗೆ ಹಾಯಿದೋಣಿ ಬಾಡಿಗೆ ಹಿಡಿದು ಹೊರಟಿದ್ದೀರಿ, ಬಹಳ ಸಂತೋಷ. ಸೀಲ್ ದ್ವೀಪದ ಪುಲ್‌ಡೋರನ್‌ನಲ್ಲಿ ಒಂದು ರಾತ್ರಿ ತಂಗಿಯೇ ತಂಗುತ್ತೀರಿ. ನೀರುನಾಯಿಯ ಮಡು ಎಂದು ಆ ಗೇಲಿಕ್ ಹೆಸರಿನ ಅರ್ಥ. ದಡದಿಂದ ಗುಡ್ಡ ಹತ್ತಿಳಿದರೆ ಕ್ಲಾಕನ್ ಸೇತುವೆಯ ಪಕ್ಕದಲ್ಲೇ ‘ಟೈ ಆನ್ ಟ್ರೂಶ್’ ಪಬ್ಬು, ಅಂದರೆ ಷರಾಯಿಮನೆ. 1746ರಲ್ಲಿ ಕಿಲ್ಟ್ ನಿಷೇಧಿಸುವ ಕಾನೂನು ಬಂದಾಗ, ದ್ವೀಪದವರು ಆಚೆ ದಡಕ್ಕೆ ದಾಟುವ ಮುನ್ನ ಇಲ್ಲಿ ಷರಾಯಿ ತೊಟ್ಟುಕೊಳ್ಳುತ್ತಿದ್ದರಂತೆ. ಹೋಗಿ ಬನ್ನಿ, ಬೇಡವೆನ್ನುವುದಿಲ್ಲ. ಆದರೆ ಲಂಗರು ಬಿಟ್ಟ ಐದೇ ನಿಮಿಷಕ್ಕೆ ದಡಕ್ಕೆ ಹೋಗುವ ಪುಟ್ಟ ದೋಣಿ, ಡಿಂಗಿ, ಇಳಿಸುತ್ತೀರಲ್ಲ, ಅದು ಸರಿಯಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ.

ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಹತ್ತಿರದ ಓಬನ್ ಬಂದರಿನ ಕಡೆ ನೀರು 3 ಮೀಟರಿಗೂ ಹೆಚ್ಚು ಏರಿಳಿಯುತ್ತದೆ. ಇಳಿತದಲ್ಲಿ 5 ಮೀಟರ್ ಆಳವಿದ್ದರೆ ಭರತದಲ್ಲಿ 8 ಎಂದು ಲೆಕ್ಕ ಹಿಡಿಯಿರಿ. ಸರಪಳಿ ಅದರ ನಾಲ್ಕು ಪಟ್ಟು, 32 ಮೀಟರಾದರೂ ಬಿಡಿ. ಎಂಜಿನ್ ಹಿಂದಕ್ಕೆ ಓಡಿಸಿ, ಲಂಗರು ಕಚ್ಚಿತೇ ನೋಡಿ. ಕಡಲಪಾಚಿಯ ಮೇಲೆ ಬಿದ್ದಿದ್ದರೆ ಎತ್ತಿ ಮತ್ತೆ ಹಾಕಿ, ಸೋಮಾರಿತನ ಬೇಡ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಪ್ರಯೋಜನ?

ನಕ್ಷೆಯ ಮೇಲಿನ ಹೆಸರುಗಳನ್ನು ಬಾಯಿ ತಿರುಗುವುದಿಲ್ಲವೆಂದು ಬಿಟ್ಟುಬಿಡಬೇಡಿ. ಅವು ಹಳಬರು ಕೊಟ್ಟ ಎಚ್ಚರಿಕೆಗಳು. ‘ಸ್ಕೆರ್’ ಎಂದರೆ ನೀರಿನಿಂದ ತಲೆಯೆತ್ತಿದ ಬಂಡೆ. ‘ಬೋ’ ಎಂದರೆ ಮುಳುಗಿರುವ ಬಂಡೆ, ಅದೇ ಹೆಚ್ಚು ಅಪಾಯ. 1266ರ ಪರ್ತ್ ಒಪ್ಪಂದದವರೆಗೆ ಈ ಕರಾವಳಿಯ ದ್ವೀಪಗಳು ನಾರ್ವೆಯ ದೊರೆಗೆ ಸೇರಿದ್ದವು, ಹಾಗಾಗಿ ನಾರ್ಸ್ ಹೆಸರುಗಳೂ ಬೇಕಾದಷ್ಟಿವೆ. ಮ್ಯಾಲೇಗ್, ಸ್ಕಾಲಸೇಗ್‌ಗಳ ಕೊನೆಯ ‘ಏಗ್’ ಕೊಲ್ಲಿಯನ್ನು ಹೇಳುತ್ತದೆ. ಓರನ್ಸೇ ಎಂದು ಕಂಡರಂತೂ ನಿಧಾನಿಸಿ. ಇಳಿತದಲ್ಲಿ ನೆಲಕ್ಕೆ ಕೂಡಿಕೊಳ್ಳುವ ದ್ವೀಪಕ್ಕೆ ಆ ಹೆಸರು, ಅದರ ಹಿಂದಿನಿಂದ ದಾಟುವ ಸಾಹಸ ಬೇಡ.

ಇನ್ನು ವಾಪಸಾಗುವ ಮಾತು, ನನಗೆ ಭಯವಿರುವುದು ಇಲ್ಲೇ. ಸಮುದ್ರವನ್ನೆಲ್ಲ ಜಾಗರೂಕತೆಯಿಂದ ದಾಟಿ ಬಂದವರೂ ಪಬ್ಬಿನಿಂದ ಡಿಂಗಿಯಲ್ಲಿ ಹಿಂತಿರುಗುವಾಗ ಮುಳುಗುತ್ತಾರೆ. ಆ ನೀರು ಬೇಸಿಗೆಯಲ್ಲೂ ಕೊರೆಯುತ್ತದೆ. ಬಿದ್ದ ಮೊದಲ ನಿಮಿಷದಲ್ಲೇ ಉಸಿರು ಹಿಡಿತ ತಪ್ಪುತ್ತದೆ, ಈಜು ಬಲ್ಲೆ ಎನ್ನಬೇಡಿ. ಲೈಫ್ ಜಾಕೆಟ್ಟನ್ನು ಸೀಟಿನ ಕೆಳಗಿಡದೆ ಮೈಮೇಲೆ ತೊಡಿ. ಹುಟ್ಟು, ಟಾರ್ಚು ಜೊತೆಗಿರಲಿ. ನಿಮ್ಮಲ್ಲೊಬ್ಬರು ಕುಡಿಯದೆ ಇರಲೇಬೇಕು. ಜೂನಿನಲ್ಲಿ ರಾತ್ರಿ ಹತ್ತಕ್ಕೂ ಬೆಳಕಿರುವುದರಿಂದ ಲಂಗರು ದೀಪ ಮರೆತುಹೋಗುತ್ತದೆ. ಹೊರಡುವ ಮುನ್ನವೇ ಹಚ್ಚಿಡಿ.

ಉತ್ತರಕ್ಕೆ ಹೋದರೆ ನಾಯ್ಡಾರ್ಟ್‌ನ ಇನ್ವರೀಯಲ್ಲಿ ‘ಓಲ್ಡ್ ಫೋರ್ಜ್’ ಇದೆ. ಹೊರಗಿನಿಂದ ಅಲ್ಲಿಗೆ ರಸ್ತೆಯಿಲ್ಲ, ದೋಣಿಯಲ್ಲೋ ಕಾಲ್ನಡಿಗೆಯಲ್ಲೋ ಬರಬೇಕು. 2022ರಲ್ಲಿ ಊರಿನವರೇ ಕೂಡಿ ಕೊಂಡ ಪಬ್ಬು. ಊಟಕ್ಕೆ ಮೊದಲೇ ಹೇಳಿಡಿ, ಕಸ ಮಾತ್ರ ಅಲ್ಲಿ ಸುರಿಯಬೇಡಿ, ದೋಣಿಯಲ್ಲೇ ವಾಪಸು ತನ್ನಿ.